ಕಲ್ಲು ನೆಡುವ ಮುನ್ನ ಲೆಕ್ಕ ಕೇಳಿ

ವೈದ್ಯನಾಥಪುರದ ಯುವಕರೇ, ಯುವತಿಯರೇ, ಮದ್ದೂರು, ಮಂಡ್ಯ, ಮಳವಳ್ಳಿ ಸೀಮೆಯ ಹೈಕಳೇ, ನಿಮಗೊಂದು ಪ್ರಶ್ನೆ. ನಿಮ್ಮೂರ ಪಕ್ಕದ ಗದ್ದೆ ಬಯಲಿಗೆ ನಾಳೆ ಬೆಳಗ್ಗೆ ಜೆಸಿಬಿ ಬಂದು ನಿಂತರೆ, ಬದುಗಳನ್ನು ಕೆಡವಿ, ಮಣ್ಣು ಹೊಡೆಸಿ ಮಟ್ಟ ಮಾಡಿದರೆ, ಮೂವತ್ತಕ್ಕೆ ನಲವತ್ತರ ಅಳತೆಯಲ್ಲಿ ಬಣ್ಣ ಬಳಿದ ಕಲ್ಲು ನೆಟ್ಟು, ಬಾಗಿಲಿಗೊಂದು ಕಮಾನು ಕಟ್ಟಿ, ಅದಕ್ಕೆ ಯಾವುದೋ ದೂರದೇಶದ ಹೆಸರಿಟ್ಟರೆ, ಅಲ್ಲಿ ಬೀಳುತ್ತಿದ್ದ ಮಳೆ ಇನ್ನು ಎಲ್ಲಿಗೆ ಹೋಗುತ್ತದೆಂದು ಹೇಳಬಲ್ಲವರು ನಿಮ್ಮಲ್ಲಿ ಎಷ್ಟು ಜನ? ಆ ಮನೆಗಳ ಬಚ್ಚಲ ನೀರು ಯಾವ ಹಳ್ಳ ಹಿಡಿಯುತ್ತದೆಂದು ಬೆರಳು ತೋರಿಸಬಲ್ಲವರು ಎಷ್ಟು ಜನ? ಕೆಳಗಿನ ಗದ್ದೆಗೆ ನೀರು ಒಯ್ಯುವ ಕಾಲುವೆ ಆ ನಕ್ಷೆಯಲ್ಲಿ ಉಳಿದಿದೆಯೋ ಅಳಿದಿದೆಯೋ ನೋಡಿದವರು ಯಾರಾದರೂ ಇದ್ದೀರಾ?

ಸೈಟಿನ ರೇಟು ಎಲ್ಲರ ಬಾಯಲ್ಲೂ ಇದೆ. ನೀರಿನ ದಾರಿ ಯಾರ ಬಾಯಲ್ಲೂ ಇಲ್ಲ.

ಇದು ಅಳತೆಯಿಂದ ಹುಟ್ಟಿದ ಸೀಮೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾದಾಗ ಮಂಡ್ಯದ ಬಹುಪಾಲು ನೆಲ ಮಳೆಯನ್ನೇ ನಂಬಿದ ಹೊಲ. ವಿಶ್ವೇಶ್ವರಯ್ಯ ನಾಲೆ ಬಂತು, ಹುಲಿಕೆರೆಯ ಬಳಿ ಸುರಂಗ ಕೊರೆದು ಆಚೆಗೆ ಹರಿಯಿತು, ಮದ್ದೂರು ಮಳವಳ್ಳಿಯ ಮೂಲೆಮೂಲೆಗೆ ಕವಲೊಡೆಯಿತು. ನೀರು ತಾನಾಗಿ ಬರಲಿಲ್ಲ. ಇಳಿಜಾರನ್ನು ಅಡಿ ಅಡಿಯಾಗಿ, ಅಂಗುಲ ಅಂಗುಲವಾಗಿ ಅಳೆದು, ಎತ್ತರದಿಂದ ತಗ್ಗಿಗೆ ಯಾವ ಗದ್ದೆ ಮೊದಲು, ಯಾವುದು ಆಮೇಲೆ ಎಂದು ಲೆಕ್ಕ ಹಾಕಿ ತಂದ ನೀರು ಅದು. ಅದಕ್ಕೂ ಎಷ್ಟೋ ಶತಮಾನ ಮೊದಲು ಕೆರೆ ಕಟ್ಟಿದವರು ತೂಬು ಎಲ್ಲಿರಬೇಕು, ಕೋಡಿ ಎಲ್ಲಿ ಬೀಳಬೇಕು ಎಂದು ಮಣ್ಣನ್ನೂ ಮಳೆಯನ್ನೂ ನೋಡಿ ತೀರ್ಮಾನಿಸಿದ್ದರು. ನಿಮ್ಮ ತಾತಂದಿರ ಕಾಲದ ನೀರುಗಂಟಿಗೆ ಓದು ಬರಹ ಬರುತ್ತಿತ್ತೋ ಇಲ್ಲವೋ, ಯಾವ ಮಡಿಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬುದು ಮಾತ್ರ ಕರಾರುವಾಕ್ಕಾಗಿ ಗೊತ್ತಿತ್ತು. ಅಂಥವರ ಮೊಮ್ಮಕ್ಕಳು ನೀವು. ನಿಮ್ಮ ಕೈಯಲ್ಲಿ ಡಿಗ್ರಿ ಇದೆ, ಮೊಬೈಲ್ ಇದೆ, ಉಪಗ್ರಹದ ಚಿತ್ರ ಇದೆ. ಅಳೆಯುವ ಅಭ್ಯಾಸ ಎಲ್ಲಿ ಹೋಯಿತು?

ಶಿಂಷೆಯ ದಡದಲ್ಲಿ ನಿಂತ ವೈದ್ಯನಾಥೇಶ್ವರ ರೋಗ ಕಳೆಯುವ ದೇವರೆಂದು ಜನ ದೂರದೂರದಿಂದ ಬಂದು ಕೈಮುಗಿಯುತ್ತಾರೆ. ಅವನ ಕಾಲ ಬಳಿ ಹರಿಯುವ ಹೊಳೆಯ ಆರೋಗ್ಯ ಹೇಗಿದೆ? ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಮಾರ್ಕೋನಹಳ್ಳಿಯಲ್ಲಿ ಅಣೆಕಟ್ಟಿಗೆ ಸಿಕ್ಕಿ, ಮದ್ದೂರನ್ನು ಹಾದು, ಮಳವಳ್ಳಿಯ ಕಾಡಿನಲ್ಲಿ ಕಾವೇರಿಯನ್ನು ಸೇರುವ ಈ ಹೊಳೆಯ ಹೆಸರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಹೊರತಂದ ಕಲುಷಿತ ನದಿಗಳ ಪಟ್ಟಿಯಲ್ಲಿತ್ತು. ಕರ್ನಾಟಕದ 17 ನದಿ ಹರಿವುಗಳ ಪೈಕಿ ಇದೂ ಒಂದು. ಯಡಿಯೂರಿನಿಂದ ಹಲಗೂರಿನವರೆಗೆ ಎಂದು ಆ ಪಟ್ಟಿ ಹೇಳಿತು. ಯಡಿಯೂರಿಗೂ ಹಲಗೂರಿಗೂ ನಡುವೆ ಯಾರಿದ್ದಾರೆ? ನಾವಿದ್ದೇವೆ. ವೈದ್ಯನಿಗೇ ವೈದ್ಯ ಬೇಕಾಗಿರುವ ಹೊತ್ತಿನಲ್ಲಿ ಹೊಸ ಬಡಾವಣೆಗಳ ಬಚ್ಚಲನ್ನೂ ಅದೇ ಹೊಳೆಯ ಕಡೆಗೆ ತಿರುಗಿಸುವುದಾದರೆ, ಲೆಕ್ಕ ಕೇಳದೆ ಹೇಗೆ ಬಿಡುವುದು?

ಬಡಾವಣೆ ಬರುತ್ತದೆಯೇ ಎಂದು ಅನುಮಾನಪಡುವ ಕಾಲ ಮುಗಿದಿದೆ. 2023ರ ಮಾರ್ಚ್ 12ರಂದು ಇದೇ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಉದ್ಘಾಟನೆಯಾಯಿತು. 118 ಕಿ.ಮೀ. ರಸ್ತೆ ನಮ್ಮನ್ನು ರಾಜಧಾನಿಗೆ ಹತ್ತಿರ ತಂದಿತು, ರಾಜಧಾನಿಯ ಹಸಿವನ್ನೂ ನಮಗೆ ಹತ್ತಿರ ತಂದಿತು. ಅದಕ್ಕೂ ಮೊದಲೇ, 2020ರಲ್ಲಿ, ರಾಜ್ಯದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ದಾರಿಯಾಗಿತ್ತು. ದಾರಿ ಎರಡೂ ಕಡೆಯಿಂದ ತೆರೆದಿದೆ. ದಾರಿ ತೆರೆದ ಮೇಲೆ ಬರುವವರನ್ನು ಬಯ್ದು ಫಲವಿಲ್ಲ. ಬಾಗಿಲಲ್ಲಿ ನಿಂತು ಕೇಳಬೇಕಾದ್ದನ್ನು ಕೇಳಬೇಕು.

ಸರ್ಕಾರ ನೋಡಿಕೊಳ್ಳುತ್ತದೆ, ಕಾಯ್ದೆ ಇದೆಯಲ್ಲ, ಎಂದು ನಿಮ್ಮಲ್ಲಿ ಕೆಲವರು ಅಂದುಕೊಂಡಿರಬಹುದು. ಕಾಯ್ದೆ ಇದೆ, ನಿಜ. ಭೋಪಾಲದ ದುರಂತದ ಬಳಿಕ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರಡಿ 1994ರಲ್ಲಿ ಪರಿಸರ ಪರಿಣಾಮ ಮೌಲ್ಯಮಾಪನದ ಮೊದಲ ಅಧಿಸೂಚನೆ ಹೊರಟಿತು. ಗಣಿ, ಕಾರ್ಖಾನೆ, ಅಣೆಕಟ್ಟುಗಳಿಗೆ ಅನ್ವಯಿಸುತ್ತಿದ್ದ ಆ ನಿಯಮದೊಳಕ್ಕೆ 2004ರ ಜುಲೈ ತಿದ್ದುಪಡಿ ವಸತಿ ಕಾಲೊನಿಗಳನ್ನೂ ತಂದಿತು. ಸಾವಿರ ಜನರಿಗಿಂತ ಹೆಚ್ಚು, ಅಥವಾ ದಿನಕ್ಕೆ 50 ಸಾವಿರ ಲೀಟರಿಗಿಂತ ಹೆಚ್ಚು ಕೊಳಚೆ, ಅಥವಾ 50 ಕೋಟಿ ರೂಪಾಯಿಗಿಂತ ಹೆಚ್ಚು ಬಂಡವಾಳ ಎಂಬುದು ಆಗಿನ ಗಡಿ. 2006ರ ಸೆಪ್ಟೆಂಬರ್ 14ರ ಹೊಸ ಅಧಿಸೂಚನೆ ಆ ಗಡಿಯನ್ನು ಬದಲಿಸಿತು. ಈಗ ಲೆಕ್ಕಕ್ಕೆ ಬರುವುದು ಜನರಲ್ಲ, ಕಟ್ಟಡದ ವಿಸ್ತೀರ್ಣ: 20,000 ಚದರ ಮೀಟರ್ ಮೀರಿದ ನಿರ್ಮಾಣಕ್ಕೆ ಪರಿಸರ ಅನುಮತಿ ಬೇಕು. ನೆಲದ ಲೆಕ್ಕಕ್ಕೆ ಬಂದರೆ 50 ಹೆಕ್ಟೇರ್ ಮತ್ತು ಮೇಲ್ಪಟ್ಟ ಬಡಾವಣೆ ಯೋಜನೆಗೆ ಬೇಕು.

50 ಹೆಕ್ಟೇರ್ ಎಂದರೆ ಸುಮಾರು 123 ಎಕರೆ. ನಿಮ್ಮ ಸುತ್ತ ಎದ್ದ ಲೇಔಟ್‌ಗಳನ್ನು ಎಣಿಸಿ ನೋಡಿ. ಐದು ಎಕರೆಯದ್ದು, ಹತ್ತು ಎಕರೆಯದ್ದು, ಹೆಚ್ಚೆಂದರೆ ಇಪ್ಪತ್ತು ಇಪ್ಪತ್ತೈದು ಎಕರೆಯದ್ದು. ಲೇಔಟ್ ಮಾಡುವವರು ಮನೆ ಕಟ್ಟುವುದೂ ಇಲ್ಲ, ಸೈಟು ಮಾರಿ ಹೋಗುತ್ತಾರೆ. ಮನೆಗಳು ಆಮೇಲೆ ಒಂದೊಂದಾಗಿ ಏಳುತ್ತವೆ. ಹಾಗಾಗಿ ಕಟ್ಟಡದ ಗಡಿಯೂ ತಾಗುವುದಿಲ್ಲ, ನೆಲದ ಗಡಿಯೂ ತಾಗುವುದಿಲ್ಲ. ಭೂ ಪರಿವರ್ತನೆಯ ಆದೇಶ, ಯೋಜನಾ ಪ್ರಾಧಿಕಾರದ ನಕ್ಷೆ ಮಂಜೂರಾತಿ, ಅಲ್ಲಿಗೆ ಮುಗಿಯಿತು. ಇಪ್ಪತ್ತು ಎಕರೆಯ ಹತ್ತು ಲೇಔಟ್‌ಗಳು ಒಂದೇ ಹಳ್ಳದ ಎರಡೂ ದಡಕ್ಕೆ ಬಂದರೂ ಅವೆಲ್ಲವನ್ನೂ ಕೂಡಿಸಿ, ಒಟ್ಟು ಪರಿಣಾಮ ಏನೆಂದು ಕೇಳುವ ಕಡತ ಯಾವ ಮೇಜಿನ ಮೇಲೂ ತೆರೆಯುವುದಿಲ್ಲ. ದೊಡ್ಡ ಯೋಜನೆಗಳಲ್ಲೂ ನಮ್ಮನ್ನು ಕರೆದು ಕೇಳುತ್ತಾರೆಂದು ಕಾಯಬೇಡಿ. ಗಣಿಗೆ, ಕಾರ್ಖಾನೆಗೆ ಊರವರನ್ನು ಕೂರಿಸಿ ಅಹವಾಲು ಕೇಳುವ ಸಭೆ ಉಂಟು. ವಸತಿ ನಿರ್ಮಾಣಕ್ಕೂ ಉಪನಗರಕ್ಕೂ 2006ರ ಅಧಿಸೂಚನೆ ಆ ಸಭೆಯಿಂದಲೇ ವಿನಾಯಿತಿ ಕೊಟ್ಟಿದೆ. ಮನೆಯಿಂದ ಯಾರಿಗೆ ಏನು ತೊಂದರೆ ಎಂದು ಯೋಚಿಸಿದರೋ ಏನೋ!

ಹಾಗಾದರೆ ನಮ್ಮ ಸೀಮೆಯ ಬಡಾವಣೆಗಳನ್ನು ತೂಗಿ ನೋಡುವವರು ಯಾರು? ಕಾಯ್ದೆ ನೋಡದ ಜಾಗವನ್ನು ನೋಡುವ ಕಣ್ಣು ಯಾರದು?

ನಿಮ್ಮದು. ನಿಮ್ಮದೇ.

ಬನ್ನಿ, ಒಂದು ಲೆಕ್ಕ ಹಾಕೋಣ. ಏಳನೇ ತರಗತಿಯ ಗುಣಾಕಾರ ಸಾಕು. ಊರ ಪಕ್ಕ ಇಪ್ಪತ್ತು ಎಕರೆಯ ಲೇಔಟ್ ಬರುತ್ತದೆ ಎಂದಿಟ್ಟುಕೊಳ್ಳಿ. ರಸ್ತೆ, ಪಾರ್ಕು, ಇತ್ಯಾದಿಗೆ ಅರ್ಧ ಜಾಗ ಹೋದರೂ ಮೂವತ್ತು ನಲವತ್ತರ ಸೈಟು ಎಕರೆಗೆ ಹದಿನೆಂಟು ಸಿಗುತ್ತವೆ. ಒಟ್ಟು 360, ಕಡಿಮೆ ಹಿಡಿದು 350 ಎನ್ನಿ. ಮನೆಗೆ ನಾಲ್ಕು ಜನ ಎಂದರೆ 1,400 ಜನ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಗರದ ನೀರು ಸರಬರಾಜಿಗೆ ಎಂಜಿನಿಯರುಗಳು ಹಿಡಿಯುವ ಅಳತೆ. 1,89,000 ಲೀಟರ್ ಆಯಿತು. ಪ್ರತಿ ದಿನ! ಈ ನೀರು ಎಲ್ಲಿಂದ? ಹೊಸ ಕೊಳವೆಬಾವಿಗಳಿಂದಲೇ? ಹಾಗಾದರೆ ಪಕ್ಕದ ತೋಟದ ಕೊಳವೆಬಾವಿಯ ಗತಿಯೇನು? ಬಳಸಿದ ನೀರಿನ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಬರುತ್ತದೆ ಎಂಬುದೂ ಎಂಜಿನಿಯರುಗಳದ್ದೇ ಲೆಕ್ಕ. ಅಂದರೆ ದಿನಕ್ಕೆ ಒಂದೂವರೆ ಲಕ್ಷ ಲೀಟರ್ ಕೊಳಚೆ. 2004ರ ನಿಯಮ ಇಂದೂ ಇದ್ದಿದ್ದರೆ? ಜನಸಂಖ್ಯೆಯ ಗಡಿಯನ್ನು ಈ ಲೇಔಟ್ ದಾಟುತ್ತಿತ್ತು, ಕೊಳಚೆಯ ಗಡಿಯನ್ನು ಮೂರು ಪಟ್ಟು ದಾಟುತ್ತಿತ್ತು. ಇಂದಿನ ನಿಯಮದಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ.

ಮಳೆಯ ಲೆಕ್ಕ ಇನ್ನೂ ದೊಡ್ಡದು. ಒಂದು ಎಕರೆ ಎಂದರೆ 4,047 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಜೋರು ರಾತ್ರಿಯಲ್ಲಿ 50 ಮಿ.ಮೀ. ಸುರಿಯಿತು ಎನ್ನಿ, ಇಪ್ಪತ್ತು ಎಕರೆಗೆ ಬಿದ್ದ ನೀರು 40 ಲಕ್ಷ ಲೀಟರ್. ನಾಲ್ಕು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ ಸಾವಿರ ಟ್ಯಾಂಕರ್. ಗದ್ದೆಯಾಗಿದ್ದಾಗ ಈ ನೀರು ಎಲ್ಲಿತ್ತು? ಮಡಿಮಡಿಯಲ್ಲಿ ನಿಂತಿತ್ತು. ಗೇಣುದ್ದದ ಬದು ಅದನ್ನು ಹಿಡಿದಿತ್ತು. ಒಂದಿಷ್ಟು ಇಂಗಿ ಬಾವಿಗೆ ಹೋಯಿತು, ಒಂದಿಷ್ಟು ಮೆಲ್ಲಗೆ ಬಸಿದು ಹಳ್ಳಕ್ಕೆ, ಹಳ್ಳದಿಂದ ಶಿಂಷೆಗೆ ಇಳಿಯಿತು. ಅದೇ ನೆಲಕ್ಕೆ ಟಾರು, ಕಾಂಕ್ರೀಟು, ಟೈಲ್ಸು ಹಾಸಿದ ಮೇಲೆ? ಬಹುಪಾಲು ನೀರು ಅದೇ ರಾತ್ರಿ, ಅದೇ ಒಂದೆರಡು ಗಂಟೆಯಲ್ಲಿ, ಸಿಕ್ಕ ಚರಂಡಿ ಹಿಡಿದು ತಗ್ಗಿನ ಕಡೆಗೆ ಓಡುತ್ತದೆ. ತಗ್ಗಿನಲ್ಲಿ ಯಾರ ಮನೆ ಇದೆ? ಹಳೇ ಊರಿನ ಮನೆ. ಕೂಲಿ ಮಾಡುವವರ ಮನೆ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಭಕ್ಷಿ ಕೆರೆ ಒಡೆದು, ಹೊಸ ಹೆದ್ದಾರಿಯಲ್ಲೇ ವಾಹನಗಳು ನೀರಿನಲ್ಲಿ ಮುಳುಗಿ ನಿಂತದ್ದನ್ನು ನೀವೆಲ್ಲ ಮೊಬೈಲಿನಲ್ಲಿ ನೋಡಿದ್ದೀರಿ. ನೀರು ದಾರಿ ಮರೆಯುವುದಿಲ್ಲ. ದಾರಿಯಲ್ಲಿ ಕಟ್ಟಿದವರು ಮರೆತಿರುತ್ತಾರೆ ಅಷ್ಟೆ.

ನೋಡಿ, ಮನೆಗಳೇ ಬೇಡ ಎನ್ನುವ ವಾದ ನನ್ನದಲ್ಲ. ಸ್ವಂತ ಸೂರಿಗಾಗಿ ಇಡೀ ಜೀವನದ ಉಳಿತಾಯ ಸುರಿಯುವ ಬಸ್ ಕಂಡಕ್ಟರು, ಶಾಲಾ ಮೇಷ್ಟ್ರು, ಗಾರ್ಮೆಂಟ್ಸ್ ಕೆಲಸದ ಅಕ್ಕ, ಇವರೆಲ್ಲ ನಮ್ಮವರೇ. ಮೂರು ಎಕರೆ ಮಾರಿದ ರೈತನನ್ನು ನೆಲದ ದ್ರೋಹಿ ಎಂದು ಕರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಬ್ಬಿನ ಬಿಲ್ಲು ತಡವಾಗುವುದು, ನಾಲೆಯಲ್ಲಿ ನೀರು ಬಾರದೆ ಬೆಳೆ ಒಣಗುವುದು, ಸಾಲದ ಕಂತು ಬಾಗಿಲು ತಟ್ಟುವುದು ಏನೆಂದು ಪಟ್ಟಣದಲ್ಲಿ ಕೂತವರಿಗೆ ಗೊತ್ತಿಲ್ಲ. ಮಾರುವುದು ಅವನ ಹಕ್ಕು. ಆದರೆ ಅವನ ಪಹಣಿಯಲ್ಲಿ ಇರುವುದು ಅವನ ಜಮೀನು ಮಾತ್ರ. ಅದರ ಮೇಲೆ ಹಾದು ಹೋಗುವ ಮಳೆ, ಅದರಡಿಯ ಅಂತರ್ಜಲ, ಅಂಚಿನ ಹಳ್ಳ, ಪಕ್ಕದ ಗುಂಡುತೋಪು ಯಾರ ಪಹಣಿಯಲ್ಲೂ ಇಲ್ಲ. ಅವು ಎಲ್ಲರವು. ಎಲ್ಲರದ್ದನ್ನು ಕೇಳುವ ಅಧಿಕಾರ ಎಲ್ಲರಿಗೂ ಇದೆ. ಪರಿಣಾಮ ತೂಗುವುದೆಂದರೆ ಯೋಜನೆಗೆ ಕಲ್ಲು ಹಾಕುವುದಲ್ಲ. ಕೊಳಚೆ ಶುದ್ಧೀಕರಣ ಘಟಕ ಎಲ್ಲಿ, ಅದು ಹಾಳಾದ ದಿನ ರಿಪೇರಿಯ ದುಡ್ಡು ಯಾರದು, ಮಳೆನೀರು ಇಂಗಿಸುವ ಗುಂಡಿ ಎಷ್ಟು, ಹಳ್ಳದಿಂದ ಎಷ್ಟು ದೂರ ಬಿಟ್ಟಿದ್ದೀರಿ ಎಂದು ಕಲ್ಲು ನೆಡುವ ಮೊದಲೇ ಕೇಳುವುದು. ಈ ಪ್ರಶ್ನೆಗಳಿಗೆ ಉತ್ತರ ಇರುವ ಲೇಔಟ್ ನಮ್ಮೂರಿಗೂ ಒಳ್ಳೆಯದು, ಅಲ್ಲಿ ಸೈಟು ಕೊಳ್ಳುವ ಕಂಡಕ್ಟರಿಗೂ ಒಳ್ಳೆಯದು.

ಮೊದಲೇ ಕೇಳದಿದ್ದರೆ ಏನಾಗುತ್ತದೆಂದು ತಿಳಿಯಲು ದೂರ ಹೋಗಬೇಕಿಲ್ಲ, ಎಕ್ಸ್‌ಪ್ರೆಸ್‌ವೇ ಹಿಡಿದು ಬೆಂಗಳೂರಿಗೆ ಹೋಗಿ. ಒಂದು ಕಾಲಕ್ಕೆ ಅಚ್ಚುಕಟ್ಟಿಗೆ ನೀರುಣಿಸಿದ ಬೆಳ್ಳಂದೂರು ಕೆರೆ ಕೊಳಚೆ ತುಂಬಿ ನೊರೆಯುಗುಳಿತು, 2018ರ ಜನವರಿಯಲ್ಲಿ ಅದರಲ್ಲಿ ಹೊತ್ತಿದ ಬೆಂಕಿ ನಂದಿಸಲು ಸೈನಿಕರು ಬರಬೇಕಾಯಿತು. ನೀರಿಗೆ ಬೆಂಕಿ! ಅದೇ ಬೆಳ್ಳಂದೂರು–ಅಗರ ಕೆರೆಗಳ ನಡುವಿನ ಭಾರೀ ನಿರ್ಮಾಣಗಳ ವಿರುದ್ಧ ನಾಗರಿಕರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. 2016ರ ಮೇ ತಿಂಗಳಲ್ಲಿ ಮಂಡಳಿ ಕೆರೆಗಳ ಸುತ್ತ 75 ಮೀಟರ್ ಬಯಲು ಬಿಡಬೇಕೆಂದು ಹೇಳಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟು ಆ ಹೆಚ್ಚುವರಿ ಅಂತರವನ್ನು ತೆಗೆದುಹಾಕಿತು. ಬೆಂಗಳೂರಿನ ನಗರ ಯೋಜನೆಯಲ್ಲಿ ಮೊದಲೇ ಇದ್ದ 30 ಮೀಟರೇ ಉಳಿಯಿತು. 2021ರ ಜುಲೈ ಕೊನೆಗೆ ಕೈಕೊಂಡ್ರಹಳ್ಳಿ ಕೆರೆಯ ಬಳಿಯ ಒಂದು ಬಹುಮಹಡಿ ವಸತಿ ಯೋಜನೆಗೆ ಸಿಕ್ಕಿದ್ದ ಪರಿಸರ ಅನುಮತಿಯನ್ನೇ ಹಸಿರು ನ್ಯಾಯಮಂಡಳಿ ರದ್ದು ಮಾಡಿತು. ಗೆಲುವು, ಸೋಲು ಎರಡೂ ಇವೆ ಇಲ್ಲಿ. ನೀವು ಗಮನಿಸಬೇಕಾದ್ದು ವರ್ಷಗಳನ್ನು. ಅನುಮತಿ 2018ರದ್ದು, ರದ್ದಾದದ್ದು 2021ರಲ್ಲಿ. ಅಡಿಪಾಯ ಬಿದ್ದ ಮೇಲೆ ಶುರುವಾಗುವ ಹೋರಾಟಕ್ಕೆ ವಕೀಲರು ಬೇಕು, ಲಕ್ಷಗಳು ಬೇಕು, ವರ್ಷಗಳು ಬೇಕು. ಕಲ್ಲು ನೆಡುವ ಮುನ್ನ ಕೇಳುವ ಪ್ರಶ್ನೆಗೆ ಒಂದು ಹಾಳೆ ಸಾಕು.

ಇತ್ತ ನಮ್ಮ ದಾರಿಯಲ್ಲೇ ಬಿಡದಿಯಿದೆ. ಭೈರಮಂಗಲ, ಕಂಚುಗಾರನಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಸಾವಿರಾರು ಎಕರೆಯ ಉಪನಗರಕ್ಕೆ ಸರ್ಕಾರ 2025ರಲ್ಲಿ ಭೂಸ್ವಾಧೀನಕ್ಕೆ ಹೊರಟಾಗ ರೈತರು ಬೀದಿಗಿಳಿದರು. ಭೈರಮಂಗಲದ ಕೆರೆ ದಶಕಗಳಿಂದ ವೃಷಭಾವತಿಯ ಮೂಲಕ ಬೆಂಗಳೂರಿನ ಕೊಳಚೆ ಕುಡಿದ ಕೆರೆ. ನಗರದ ಬಚ್ಚಲು ಮೊದಲು ಬಂತು, ನಗರವೇ ಆಮೇಲೆ ಬಂತು.

ಆದರೆ ಹೈಕಳೇ, ನಿಮ್ಮನ್ನು ಹೆದರಿಸಲು ನಾನಿಲ್ಲಿ ಬರೆಯುತ್ತಿಲ್ಲ. ಮದ್ದೂರು ತಾಲ್ಲೂಕಿನಲ್ಲೇ ಇನ್ನೊಂದು ಕತೆಯಿದೆ. ಕೊಕ್ಕರೆ ಬೆಳ್ಳೂರು ಗೊತ್ತಲ್ಲ? ಊರೊಳಗಿನ ಹುಣಸೆ, ಆಲ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವ ಊರು. ಹಕ್ಕಿ ಕೂತ ಮರದ ಹುಣಸೆಹಣ್ಣು ಮನೆಯವರ ಕೈಗೆ ಸರಿಯಾಗಿ ಸಿಗುವುದಿಲ್ಲ. ಅಂಗಳವೆಲ್ಲ ಹಿಕ್ಕೆ, ಮೀನಿನ ವಾಸನೆ. ಆದರೂ ಊರವರು ಅವನ್ನು ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ನೋಡಿಕೊಂಡರು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ 1976ರಲ್ಲಿ ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. ಮುಂದೆ 1990ರ ದಶಕದಲ್ಲಿ ಮೈಸೂರಿನ ಕೆ. ಮನು ಮತ್ತು ಅವರ ನಿಸರ್ಗಪ್ರಿಯ ಗೆಳೆಯರ ಒತ್ತಾಸೆಯಿಂದ ಊರಿನ ಹುಡುಗರೇ ಸೇರಿ ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ನಿಮ್ಮ ವಯಸ್ಸಿನ ಹುಡುಗರು! ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಟ್ಟರು. ಗೂಡುಗಳನ್ನು ಎಣಿಸಿದರು. ಮರಗಳ ಲೆಕ್ಕ ಇಟ್ಟರು. 2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಯಿತು.

ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ಊಟಕ್ಕೆ ಎಲ್ಲಿಗೆ ಹೋಗುತ್ತವೆ? ಶಿಂಷೆಗೆ, ತೈಲೂರು ಕೆರೆಗೆ, ಮದ್ದೂರು ಸುತ್ತಿನ ಕೆರೆಕಟ್ಟೆಗಳಿಗೆ. ಮರ ಕೊಕ್ಕರೆ ಬೆಳ್ಳೂರಿನದು, ಮೀನು ನಮ್ಮೆಲ್ಲರ ನೀರಿನದು. ಯಾವುದೋ ಹಳ್ಳಿಯ ಕೆರೆ ಅಂಗಳಕ್ಕೆ ಮಣ್ಣು ತುಂಬಿ, ಇನ್ನಾವುದೋ ಹಳ್ಳಕ್ಕೆ ಕೊಳಚೆ ಬಿಟ್ಟರೆ, ಅಷ್ಟು ದೂರದ ಹುಣಸೆಮರದ ಮೇಲಿನ ಮರಿ ಉಪವಾಸ ಬೀಳುತ್ತದೆ. ಲೇಔಟಿನ ಕಾಂಪೌಂಡು ಗೋಡೆಗೆ ಪರಿಣಾಮ ನಿಲ್ಲುವುದಿಲ್ಲ. ಯೋಜನೆಯ ಪರಿಣಾಮ ತೂಗುವವರು ಗೋಡೆಯಾಚೆಗೆ ನೋಡಬೇಕು, ಹೊಳೆಯ ಕೆಳಗಿನ ಊರನ್ನು ನೋಡಬೇಕು, ಹತ್ತು ವರ್ಷದ ಮುಂದನ್ನು ನೋಡಬೇಕು. ಕನ್ಸಲ್ಟೆಂಟ್ ಕಂಪನಿಯವರು ಒಂದು ಋತುವಿನಲ್ಲಿ ಬಂದು, ಒಂದಷ್ಟು ಮಾದರಿ ತೆಗೆದು, ದಪ್ಪ ವರದಿ ಬರೆದು ಹೋಗುತ್ತಾರೆ. ಅವರಿಗೆ ಫೀಸು ಕೊಡುವವರು ಯೋಜನೆ ತರುವವರೇ. ನೀವು ಆರೂ ಋತು ಇಲ್ಲೇ ಇರುವವರು. ನಿಮಗಿಂತ ದೊಡ್ಡ ತಜ್ಞರು ಇನ್ಯಾರು?

ಓದಿಲ್ಲ, ನಮಗೇನು ಗೊತ್ತು ಎನ್ನುವವರು ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರನ್ನು ನೆನೆಯಲಿ. ಕುರಿ ಕಾಯುತ್ತಿದ್ದ ಆ ಹಿರಿಯರು ಬೆಟ್ಟದ ಇಳಿಜಾರಿನಲ್ಲಿ ಮಳೆ ಹೇಗೆ ಓಡುತ್ತದೆಂದು ಕಣ್ಣಲ್ಲೇ ಅಳೆದು, ಕೈಯಾರೆ ಸಾಲುಸಾಲು ಕಟ್ಟೆ ತೋಡಿದರು. 2020ರ ಜೂನ್‌ನಲ್ಲಿ ಪ್ರಧಾನಿ ತಮ್ಮ ‘ಮನ್ ಕಿ ಬಾತ್’ನಲ್ಲಿ ಅವರ ಹೆಸರು ಹೇಳಿದರು, 2022ರಲ್ಲಿ ಅವರು ತೀರಿಕೊಂಡರು. ಯಾವ ವಿಶ್ವವಿದ್ಯಾಲಯ ಅವರಿಗೆ ಜಲಶಾಸ್ತ್ರ ಕಲಿಸಿತ್ತು?

ಈಗ ಕೆಲಸದ ಮಾತು. ಮೊಬೈಲಿನಲ್ಲಿ ರೀಲ್ಸ್ ನೋಡುವ ಬೆರಳು ‘ದಿಶಾಂಕ್’ ಆ್ಯಪನ್ನೂ ತೆರೆಯಬಲ್ಲದು. ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಸುತ್ತಮುತ್ತ ಕೆರೆ ಯಾವುದು, ಹಳ್ಳ ಯಾವುದು, ಖರಾಬು ಯಾವುದು ಎಂದು ಹುಡುಕಿ. ತಾಲ್ಲೂಕು ಕಚೇರಿಯಿಂದ ಹಳೆಯ ಗ್ರಾಮ ನಕ್ಷೆ ತನ್ನಿ. ಅದರಲ್ಲಿರುವ ಪ್ರತಿ ಕಾಲುವೆ, ಪ್ರತಿ ಬಂಡಿದಾರಿ, ಪ್ರತಿ ಗುಂಡುತೋಪು ಇಂದು ನೆಲದ ಮೇಲೆ ಇದೆಯೇ ಎಂದು ನಡೆದು ನೋಡಿ. ನಕ್ಷೆ ಕೈಯಲ್ಲಿ ಹಿಡಿದು ಊರು ಸುತ್ತುವ ಇಪ್ಪತ್ತು ಹುಡುಗ ಹುಡುಗಿಯರನ್ನು ಕಂಡರೆ ಒತ್ತುವರಿದಾರರ ಎದೆ ಹೇಗೆ ಹೊಡೆದುಕೊಳ್ಳುತ್ತದೆಂದು ನೋಡಿ ಆನಂದಿಸಿ. ಹಿರಿಯರ ಬಳಿ ಕೂತು ಕೇಳಿ: ಶಿಂಷೆ ತುಂಬಿ ಬಂದ ವರ್ಷ ನೀರು ಎಲ್ಲಿಯವರೆಗೆ ಏರಿತ್ತು? ಯಾವ ಬಾವಿ ಬೇಸಗೆಯಲ್ಲೂ ಬತ್ತುತ್ತಿರಲಿಲ್ಲ? ಅಜ್ಜಿ ಬೆರಳು ತೋರಿಸಿದ ಆ ಕಲ್ಲಿನ ಮೇಲೆ ಬಣ್ಣದ ಗುರುತು ಹಾಕಿ, ಫೋಟೊ ತೆಗೆದು, ದಿನಾಂಕ ಬರೆಯಿರಿ. ನೇರ ಗೋಡೆಯ ಡಬ್ಬಿಯನ್ನು ಬಯಲಲ್ಲಿಟ್ಟು ಅಡಿಕೋಲು ಇಳಿಸಿದರೆ ಮಳೆಮಾಪಕ. ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಇಳಿಸಿದರೆ ನೀರಿನ ಮಟ್ಟ. ಒಂದು ವರ್ಷ ಬಿಡದೆ ಬರೆದಿಡಿ. ಬರೆದಿಟ್ಟ ಅಂಕಿಗೆ ಇರುವ ಬಲ ನೂರು ಭಾಷಣಕ್ಕಿಲ್ಲ.

ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುವವನೇ, ನಿನ್ನ ಪ್ರಾಜೆಕ್ಟಿಗೆ ವಿಷಯ ಹುಡುಕಿ ಯಾರದ್ದೋ ಹಳೆಯ ವರದಿ ನಕಲು ಮಾಡಬೇಡ. ನಿಮ್ಮೂರ ಹಳ್ಳದ ಹರಿವನ್ನು ಅಳೆ. ರಸಾಯನಶಾಸ್ತ್ರ ಓದುವವಳೇ, ಶಿಂಷೆಯ ನೀರನ್ನು ಮಳೆಗಾಲಕ್ಕೊಮ್ಮೆ, ಬೇಸಗೆಗೊಮ್ಮೆ ನಿಮ್ಮ ಲ್ಯಾಬಿನಲ್ಲಿ ಪರೀಕ್ಷಿಸು. ಕಾನೂನು ಓದುವವರೇ, ಪರಿಸರ ಅನುಮತಿಯ ಕಡತಗಳು ‘ಪರಿವೇಶ್’ ಪೋರ್ಟಲಿನಲ್ಲಿ ತೆರೆದೇ ಇವೆ, ಓದಿ. ಅನುಮತಿ ಸಿಕ್ಕ 30 ದಿನದೊಳಗೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬೇಕು. ತಡಕ್ಕೆ ತಕ್ಕ ಕಾರಣವಿದ್ದರೆ ಇನ್ನೂ 60 ದಿನದವರೆಗೆ ಅವಕಾಶವುಂಟು. ಆ ಬಾಗಿಲು ಅಷ್ಟು ಬೇಗ ಮುಚ್ಚುತ್ತದೆ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ನಿಮ್ಮ ಕೈಯಲ್ಲಿದೆ. ಲೇಔಟಿನ ಮಂಜೂರಾದ ನಕ್ಷೆ, ಭೂ ಪರಿವರ್ತನೆ ಆದೇಶದ ಷರತ್ತುಗಳು, ಎರಡನ್ನೂ ಅರ್ಜಿ ಹಾಕಿ ಕೇಳಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಹಕ್ಕಿ, ಮೀನುಗಳ ದಾಖಲೆ ಪುಸ್ತಕ ಇರಬೇಕು. ನಿಮ್ಮ ಪಂಚಾಯಿತಿಯಲ್ಲಿ ಆ ಪುಸ್ತಕ ಎಲ್ಲಿದೆ? ಬೀರುವಿನಲ್ಲಿದ್ದರೆ ಹೊರಗೆ ತೆಗೆಸಿ. ಅರೆಬರೆ ಇದ್ದರೆ ತುಂಬಿಸಿ.

ಮತ್ತು ಗ್ರಾಮಸಭೆ. ಹತ್ತು ಜನ ಬಂದು, ಫಲಾನುಭವಿ ಪಟ್ಟಿ ಓದಿ, ಟೀ ಕುಡಿದು ಏಳುವ ಸಭೆ ಎಂದು ನೀವು ಅದನ್ನು ಕಡೆಗಣಿಸಿದ್ದೀರಿ. ತಪ್ಪು ಸಭೆಯದ್ದಲ್ಲ. ಖಾಲಿ ಕುರ್ಚಿ ನಿಮ್ಮದು! ನೂರು ಯುವಕ ಯುವತಿಯರು ಒಂದು ವರ್ಷದ ಮಳೆ, ಬಾವಿ, ಹಳ್ಳಗಳ ಲೆಕ್ಕ ಹಿಡಿದು ಆ ಸಭೆಗೆ ಬಂದರೆ, ಊರಿನ ನೀರು ಮತ್ತು ಕೊಳಚೆಯ ಬಗ್ಗೆ ಲಿಖಿತ ಉತ್ತರ ಸಿಗದೆ ಯಾವ ಹೊಸ ಬಡಾವಣೆಗೂ ನಮ್ಮ ಒಪ್ಪಿಗೆಯಿಲ್ಲ ಎಂದು ನಿರ್ಣಯ ಬರೆಸಿದರೆ, ಆ ನಿರ್ಣಯದ ಪ್ರತಿ ಜಿಲ್ಲಾಧಿಕಾರಿಗೂ ಯೋಜನಾ ಪ್ರಾಧಿಕಾರಕ್ಕೂ ಹೋಗಿ ಮೊಹರು ಬಿದ್ದು ಬಂದರೆ, ಕಡತ ನೋಡುವ ಗುಮಾಸ್ತನಿಂದ ಸಹಿ ಹಾಕುವ ಅಧಿಕಾರಿಯವರೆಗೆ ಎಲ್ಲರೂ ಎರಡು ಸಲ ಯೋಚಿಸುತ್ತಾರೆ. ಯೋಚಿಸಲೇಬೇಕು.

ಹೀಗೆ ಎದ್ದು ನಿಲ್ಲುವುದು ಮದ್ದೂರಿನ ಮಣ್ಣಿಗೆ ಹೊಸದಲ್ಲ. 1938ರ ಏಪ್ರಿಲ್‌ನಲ್ಲಿ ಇದೇ ಮದ್ದೂರಿನ ಶಿವಪುರದಲ್ಲಿ, ಸಂಸ್ಥಾನದ ನಿಷೇಧವಿದ್ದರೂ, ತ್ರಿವರ್ಣ ಧ್ವಜ ಏರಿತು. ಹಳ್ಳಿಗಳಿಂದ ನಡೆದು ಬಂದ ಸಾವಿರಾರು ಜನರಲ್ಲಿ ಎಷ್ಟು ಮಂದಿ ನಿಮ್ಮ ವಯಸ್ಸಿನವರು! ಅವರಿಗೆ ಎದುರಿದ್ದದ್ದು ಬಂಧನ. ನಿಮಗೆ ಎದುರಿರುವುದು ಒಂದು ಅರ್ಜಿ, ಒಂದು ಅಳತೆ ಪಟ್ಟಿ, ಒಂದಿಷ್ಟು ಬಿಸಿಲು. ಇಷ್ಟಕ್ಕೂ ಹಿಂಜರಿಯುತ್ತೀರಾ?

ಬರುವ ಭಾನುವಾರ ಬೆಳಗ್ಗೆ ಏಳು ಗಂಟೆಗೆ ವೈದ್ಯನಾಥೇಶ್ವರನ ಗುಡಿಯ ಮುಂದೆ ಸೇರಿ. ಗ್ರಾಮ ನಕ್ಷೆಯ ಒಂದು ಪ್ರತಿ, ಒಂದು ನೋಟ್‌ಬುಕ್, ನೂರಡಿಯ ಟೇಪು, ಊರಿನ ಜಾಡು ಬಲ್ಲ ಒಬ್ಬ ಹಿರಿಯರು ಇಷ್ಟಿದ್ದರೆ ಸಾಕು. ಹೊಳೆಯ ದಡದಿಂದ ಶುರು ಮಾಡಿ, ಮೊದಲ ಹಳ್ಳ ಹಿಡಿದು ಮೇಲಕ್ಕೆ ನಡೆಯಿರಿ. ಎಲ್ಲಿ ಕಾಲುವೆ ಮುಚ್ಚಿದೆಯೋ ಅಲ್ಲಿ ನಿಂತು ಸರ್ವೆ ನಂಬರ್ ಬರೆಯಿರಿ. ಎಲ್ಲಿ ಹೊಸ ಕಲ್ಲು ನೆಟ್ಟಿದ್ದಾರೋ ಅಲ್ಲಿ ಅಳತೆ ಹಿಡಿಯಿರಿ, ಹಳ್ಳದಿಂದ ಎಷ್ಟು ಅಡಿ ಎಂದು ಬರೆಯಿರಿ. ಸಂಜೆಗೆ ಪಂಚಾಯಿತಿ ಅಧ್ಯಕ್ಷರ ಮನೆ ಬಾಗಿಲಿಗೆ ಹೋಗಿ, ನೋಟ್‌ಬುಕ್ ತೆರೆದಿಟ್ಟು ಹೇಳಿ: ಅಣ್ಣಾ, ಮುಂದಿನ ಗ್ರಾಮಸಭೆ ಯಾವಾಗ? ನಾವೆಲ್ಲ ಬರ್ತೀವಿ.